ಹನ್ನೆರಡನೆಯ ಮುಖ

ಚಿತ್ರ ಬಂದಾಗ ಅದರಲ್ಲಿ ಹನ್ನೆರಡು ಮುಖಗಳು ಇರಲೇ ಇಲ್ಲ. ತಲೆಗಳಿದ್ದವು, ತಲೆಯಿಂದ ಇಳಿಬಿದ್ದ ಜಡೆಗಳಿದ್ದವು, ಹಿಮದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಕೈಕಾಲುಗಳಿದ್ದವು. ಮುಖ ಇರಬೇಕಾದ ಕಡೆ ಮಾತ್ರ ಒಂದೊಂದು ಸೊನ್ನೆ, ಸೊನ್ನೆಯೊಳಗೆ ಕುಂಚದ ತುದಿಯಲ್ಲಿ ಗೀಚಿದ ‘ಶತ್ರು’ ಎಂಬ ಅಕ್ಷರ. ನಮ್ಮ ಕಡೆಯ ಸೈನಿಕರಿಗಾದರೋ ಮೂಗು, ಮೀಸೆ, ಹುಬ್ಬು ಎಲ್ಲವನ್ನೂ ಚಿತ್ರಕಾರ ಅಚ್ಚುಕಟ್ಟಾಗಿ ಬರೆದು ಕಳಿಸಿದ್ದ.

ಇಸೊಕಿಚಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಎದುರಿಗೆ ಕೂತು ಬೆಂಕಿಕುಂಡದ ಮೇಲೆ ಕೈ ಕಾಯಿಸಿಕೊಳ್ಳುತ್ತಿದ್ದ ಕುಹೇಯನ್ನು ನೋಡಿದ. ಕುಹೇಗೆ ನಿಹೊನ್‌ಬಾಶಿಯಲ್ಲಿ ಚಿತ್ರದಂಗಡಿ ಇತ್ತು. ಬರೆಸುವವನೂ ಅವನೇ, ಕೆತ್ತಿಸುವವನೂ ಅವನೇ, ಅಚ್ಚು ಹಾಕಿಸಿ ಮಾರುವವನೂ ಅವನೇ.

“ಇದೇನ್ರೀ ಇದು, ಸಾಲಾಗಿ ಮೊಟ್ಟೆ ಇಟ್ಟು ಕಳಿಸಿದಾರೆ?”

“ಅವ್ರಿಗೆ ಪುರುಸೊತ್ತಿಲ್ಲ ಕಣಯ್ಯಾ. ದಿನಕ್ಕೆ ಎರಡು ಯುದ್ಧ ಬರೀತಾರೆ.”

“ಒಂದಾದ್ರೂ ಯುದ್ಧ ನೋಡಿದಾರಾ?”

“ನೋಡೋದ್ಯಾಕೆ? ಪೇಪರ್ ಓದ್ತಾರೆ. ನೀನೂ ತಲೆ ಕೆಡಿಸ್ಕೋಬೇಡ. ಶತ್ರು ಅಂದ್ಮೇಲೆ ಶತ್ರು. ಬಾಯಿ ಸೊಟ್ಟ ಮಾಡು, ಹಲ್ಲು ಹೊರಗೆ ಹಾಕು. ಮೂರು ದಿನ ಟೈಮು, ಅಷ್ಟೇ.”

ಇಸೊಕಿಚಿ ಅಚ್ಚಿನ ಮರದ ಹಲಗೆಯಲ್ಲಿ ತಲೆ ಕೆತ್ತುವವನು. ನಮ್ಮ ಕಸುಬಿನಲ್ಲಿ ಬಟ್ಟೆ, ಮರ, ಬೆಟ್ಟ ಕೆತ್ತುವವರು ಬೇರೆ. ಮುಖಕ್ಕೂ ಕೂದಲಿಗೂ ಕೈ ಹಾಕುವ ಹಕ್ಕು ಇಪ್ಪತ್ತು ವರ್ಷ ಉಳಿ ಹಿಡಿದು ಬೆನ್ನು ಬಗ್ಗಿದವನಿಗೆ ಮಾತ್ರ. ಕೂದಲನ್ನು ಯಾವ ಚಿತ್ರಕಾರನೂ ಎಳೆ ಎಳೆಯಾಗಿ ಬರೆದು ಕೊಡುತ್ತಿರಲಿಲ್ಲ. ಹಣೆಯ ಅಂಚು ತೋರಿಸಿ ಬಿಟ್ಟರೆ ಸಾಕು, ಉಳಿದದ್ದನ್ನು ತಲೆ ಕೆತ್ತುವವನ ಕೈಯೇ ತುಂಬಿಕೊಳ್ಳಬೇಕು. ಒಂದು ಕಾಲದಲ್ಲಿ ಇಸೊಕಿಚಿ ಕೆತ್ತಿದ ಸುಂದರಿಯರ ಕಿವಿಯ ಹಿಂದಿನ ಕೂದಲು ನೋಡಲೆಂದೇ ಜನ ಚಿತ್ರ ಕೊಳ್ಳುತ್ತಿದ್ದರು. ಹೀಗಾಗಿ ಖಾಲಿ ಬಿಟ್ಟದ್ದು ಅವನಿಗೆ ಹೊಸದಲ್ಲ. ಆದರೆ ಮುಖವನ್ನೇ ಖಾಲಿ ಬಿಟ್ಟಿದ್ದನ್ನು ಅವನು ಈ ಐವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ.

ಬೇಡ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ. ಫೋಟೋ ಬಂದ ಮೇಲೆ ಸುಂದರಿಯರ ಚಿತ್ರಗಳನ್ನು ಕೇಳುವವರಿಲ್ಲದೆ ಏಳು ವರ್ಷ ಹಲ್ಲುಪುಡಿ ಪೊಟ್ಟಣದ ಚೀಟಿ ಕೆತ್ತಿ ಹೊಟ್ಟೆ ಹೊರೆದಿದ್ದ. ಕಳೆದ ಬೇಸಿಗೆಯಲ್ಲಿ ಚೀನಾದ ಮೇಲೆ ಯುದ್ಧ ಶುರುವಾಯಿತು ನೋಡಿ, ಊರಿನ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದ ಉಳಿಗಳೆಲ್ಲ ಒಮ್ಮೆಗೇ ಎದ್ದು ಕೂತವು. ಯುದ್ಧ ಬಂತು, ಅನ್ನ ಬಂತು. ಈ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಉಂಡರು.

ಇಸೊಕಿಚಿಯ ಮನೆಯಲ್ಲಿ ಉಣ್ಣುವ ಬಾಯಿಗಳು ಮೂರು. ಅವನು, ಮಗಳು ಓತಾಮಿ, ಐದು ವರ್ಷದ ಮೊಮ್ಮಗಳು ಚಿಸೆ. ಓತಾಮಿಯ ಗಂಡ ನಾಗಾಸಾಕಿ ಕಡೆಯ ಬಡಗಿ, ಹಡಗಿನ ಮೇಲೆ ಕೆಲಸಕ್ಕೆ ಹೋಗಿದ್ದಾನೆ ಎಂದು ಓಣಿಗೆ ಹೇಳಿಯಾಗಿತ್ತು. ಬಡಗಿ ಎಂಬುದೊಂದೇ ನಿಜ. ಅವನ ಹೆಸರು ಲಿಯಾಂಗ, ಊರು ಚೀನಾದ ಕಾಂಟನ್ ಕಡೆ. ಯೊಕೊಹಾಮಾದಲ್ಲಿ ಬಿಳಿಯರಿಗೆ ಕುರ್ಚಿ ಮೇಜು ಮಾಡಿಕೊಡುತ್ತಿದ್ದ. ಯುದ್ಧ ಘೋಷಣೆಯಾದ ವಾರವೇ ಅವನ ಬಾಗಿಲಿಗೆ ಕಲ್ಲು ಬಿದ್ದವು. ಹೆಂಡತಿ ಮಗಳನ್ನು ಮಾವನ ಮನೆಗೆ ಕಳಿಸಿ, “ಇದೆಲ್ಲ ತಣ್ಣಗಾದ ಮೇಲೆ ಬರ್ತೀನಿ” ಎಂದು ಹಡಗು ಹತ್ತಿದವನಿಂದ ಆಮೇಲೆ ಒಂದು ಕಾಗದವೂ ಬಂದಿರಲಿಲ್ಲ. ಅಲ್ಲಿ ಅವನನ್ನು ದಂಡಿಗೆ ಎಳೆದುಕೊಂಡರೋ, ಇದ್ದಾನೋ ಇಲ್ಲವೋ, ಯಾರನ್ನು ಕೇಳುವುದು? ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು.

ಲಿಯಾಂಗ ದಿನಾ ಬೆಳಿಗ್ಗೆ ಮಗಳ ಕೂದಲು ಬಾಚಿ ಜಡೆ ಹೆಣೆಯುತ್ತಿದ್ದನಂತೆ. ಚಿಸೆ ಬಂದ ದಿನವೇ ಇಸೊಕಿಚಿ ಆ ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಬಿಟ್ಟ. ಚೀನಾದಲ್ಲಿ ಗಂಡಸರೂ ಜಡೆ ಬಿಡುತ್ತಿದ್ದರು, ಜಡೆ ಎಂದರೆ ಅವರದೇ ಗುರುತು. ಓಣಿಯ ಮಕ್ಕಳು ಆಗ ಬೇರೆ ಆಟವನ್ನೇ ಮರೆತಿದ್ದರು. ದಿನವಿಡೀ ಯುದ್ಧ, ಸೋತವನು ‘ಚಂಚನ್’. ಚೀನಾದವರನ್ನು ಹಂಗಿಸಲು ಹುಟ್ಟಿಕೊಂಡ ಮಾತು ಅದು. ನಾಯಿಯನ್ನು ಓಡಿಸುವಾಗಲೂ ಅದನ್ನೇ ಕೂಗುತ್ತಿದ್ದರು.

ಇಸೊಕಿಚಿ ಕೆಲಸಕ್ಕೆ ಕೂತ. ಚಿತ್ರದ ಕಾಗದವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಅದರ ಮೇಲೆಯೇ ಉಳಿ ಆಡಿಸಬೇಕು. ಕೆತ್ತುತ್ತಾ ಹೋದಂತೆ ಕಾಗದ ಚಕ್ಕೆಯ ಜೊತೆ ಹಾರಿಹೋಗಿ ಕೊನೆಗೆ ಹಲಗೆಯ ಮೇಲೆ ಗೆರೆಗಳಷ್ಟೇ ಉಳಿಯುತ್ತವೆ, ಅವೂ ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲುಬದಲಾಗಿ. ಅವನು ಕೂತಿದ್ದ ಕೆತ್ತನೆಯ ಮಣೆ ಲಿಯಾಂಗ ಮದುವೆಯಲ್ಲಿ ಮಾಡಿಕೊಟ್ಟದ್ದು. ಮೊಳೆ ಒಂದಿಲ್ಲ, ಸುತ್ತಿಗೆಯಿಂದ ಬಡಿದರೂ ಅಲುಗುತ್ತಿರಲಿಲ್ಲ. ಮಗಳು ಚೀನಾದವನನ್ನು ಮದುವೆಯಾಗುತ್ತೇನೆ ಎಂದಾಗ ಎಗರಾಡಿದ್ದ ಇಸೊಕಿಚಿ, ಆ ಮಣೆಯ ಕೀಲುಗಳ ಮೇಲೆ ಕೈಯಾಡಿಸಿದ ಮೇಲೆ ತೆಪ್ಪಗಾಗಿದ್ದ.

ಹನ್ನೊಂದು ಮುಖಗಳು ಎರಡು ದಿನದಲ್ಲಿ ಮುಗಿದವು. ಒಬ್ಬನಿಗೆ ಸೋರೆಕಾಯಿಯಂಥ ಮೋರೆ, ಇನ್ನೊಬ್ಬನಿಗೆ ಕಪ್ಪೆಯ ಬಾಯಿ. ಕೆತ್ತುವಾಗ ಅವನಿಗೆ ನಾಚಿಕೆಯಾಯಿತು, ನಾಚಿಕೆಯಾಗುತ್ತಿದ್ದರೂ ಕೆತ್ತಿದ. ಹನ್ನೆರಡನೆಯದು ದೊಡ್ಡದು. ಚಿತ್ರದ ಮುಂಭಾಗದಲ್ಲೇ, ಹಿಮದ ಮೇಲೆ ಅಂಗಾತ ಬಿದ್ದವನದು. ಅವನ ಎದೆಗೆ ನಮ್ಮ ಸೈನಿಕನೊಬ್ಬ ಬಂದೂಕಿನ ತುದಿಯ ಈಟಿ ಇಳಿಸುತ್ತಿದ್ದ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕುಹೇಯ ಕಡೆಯವನು ಹಲಗೆ ಒಯ್ಯಲು ಬಂದು ಹೊಸ್ತಿಲಲ್ಲಿ ಕೂತು ಕಾಲು ಕುಣಿಸುತ್ತಿದ್ದ. ಇಸೊಕಿಚಿ ಯೋಚಿಸಲಿಲ್ಲ. ಕೂದಲು ಕೆತ್ತುವಾಗ ಹೇಗೋ ಹಾಗೆಯೇ ಕೈಯನ್ನು ಅದರ ಪಾಡಿಗೆ ಬಿಟ್ಟ. ಕೈ ಚೆನ್ನಾಗಿಯೇ ಓಡಿತು. ಬಹಳ ದಿನಗಳ ಮೇಲೆ ಒಂದು ಮುಖ ಮುಖದ ಹಾಗೆ ಬಂತು ಎಂದು ಒಳಗೊಳಗೇ ಹಿಗ್ಗಿ ಹಲಗೆ ಕೊಟ್ಟು ಕಳಿಸಿದ.

ಬಣ್ಣದ ಹಲಗೆಗಳನ್ನು ಬೇರೆಯವರು ಕೆತ್ತಿದರು. ಐದನೆಯ ದಿನ ಪದ್ಧತಿಯಂತೆ ಮೊದಲ ಪ್ರತಿಯೊಂದು ತಲೆ ಕೆತ್ತಿದವನ ಮನೆಗೆ ಬಂತು. ಇಸೊಕಿಚಿ ಸ್ನಾನದ ಮನೆಗೆ ಹೋಗಿದ್ದ. ತಿರುಗಿ ಬಂದಾಗ ಓತಾಮಿ ಆ ಹಾಳೆಯನ್ನು ಚಾಪೆಯ ಮೇಲೆ ಹರಡಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳು ಗುಂಡಿ ಹೊಲಿಯುತ್ತಿದ್ದ ಸೇನೆಯ ಅಂಗಿಗಳ ರಾಶಿ. ಅವಳ ಹೊಟ್ಟೆಪಾಡೂ ಅದೇ ಯುದ್ಧದ್ದೇ.

“ಅಪ್ಪ, ಅವ್ರನ್ನ ಯಾಕೆ ಕೊಂದೆ?”

ಇಸೊಕಿಚಿ ಬಗ್ಗಿ ನೋಡಿದ. ಕಾಗದದ ಮೇಲೆ ಎಡಬಲಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಎಡ ಹುಬ್ಬನ್ನು ಸೀಳಿದ ಗಾಯದ ಗುರುತು, ಒಮ್ಮೆ ಮರದ ಚಕ್ಕೆ ಸಿಡಿದು ಆದದ್ದು. ಮೇಲ್ಸಾಲಿನ ಮೋಟು ಹಲ್ಲು. ಏನೋ ಕೇಳಲು ಹೊರಟವನಂತೆ ಸ್ವಲ್ಪ ತೆರೆದ ಬಾಯಿ. ಲಿಯಾಂಗ ಹಿಮದ ಮೇಲೆ ಬಿದ್ದಿದ್ದ. ಎದೆಯ ಸುತ್ತ ಕೆಂಪು ಬಣ್ಣವನ್ನು ಅಚ್ಚಿನವನು ಧಾರಾಳವಾಗಿ ಬಳಿದಿದ್ದ.

“ನಂಗೆ ಗೊತ್ತಾಗ್ಲಿಲ್ಲ ಕಣೇ,” ಎಂದ ಇಸೊಕಿಚಿ. “ಹಲಗೆ ಮೇಲೆ ತಿರುಗುಮುರುಗು ಇತ್ತು. ನಂಗೆ ಗೊತ್ತಿರೋ ಚೀನಾದವನು ಅಂದ್ರೆ ಅವನೊಬ್ಬನೇ. ಕೈ ತಾನಾಗೇ ಅಲ್ಲಿಗೆ ಹೋಗಿಬಿಡ್ತು.”

“ಕೈಗೆ ಗೊತ್ತಿತ್ತು. ನಿಂಗೆ ಗೊತ್ತಿರ್ಲಿಲ್ಲ. ಅಲ್ವಾ?”

“ಬೆಣೆ ಹಾಕ್ತೀನಿ. ನಾಳೇನೇ ಹೋಗಿ ಹಾಕ್ತೀನಿ. ಆ ಮುಖ ಚೌಕಾಗಿ ಕೊರೆದು ತೆಗೆದು, ಬೇರೆ ಚೂರು ಮರ ಬಡಿದು, ಬೇರೆ ಮೋರೆ ಕೆತ್ತಿಬಿಟ್ರೆ ಯಾರಿಗೂ ಗೊತ್ತಾಗಲ್ಲ. ಅಂಗಡೀಲಿ ನಾಡಿದ್ದು ತಾನೆ ತೂಗುಹಾಕೋದು.”

“ಚಿಸೆ ನೋಡೋಕೆ ಮುಂಚೆ ಹಾಕು,” ಎಂದಳು ಓತಾಮಿ. ಹಾಳೆಯನ್ನು ಸುತ್ತಿ ಒಲೆಗೆ ಹಾಕಿದಳು.

ಬೆಳಿಗ್ಗೆ ಅವಳು ಅಂಗಿಗಳ ಗಂಟು ಹೊತ್ತು ಗುತ್ತಿಗೆದಾರನ ಕಡೆ ಹೊರಟಳು. ಮಗುವನ್ನು ಬಿಡಲು ಜಾಗವಿಲ್ಲದೆ ಇಸೊಕಿಚಿ ಅದರ ಕೈ ಹಿಡಿದು ಕುಹೇಯ ಅಂಗಡಿಗೆ ನಡೆದ. ಉಳಿಗಳ ಚೀಲ ಸೊಂಟದಲ್ಲಿತ್ತು. ಚಿಸೆ ದಾರಿಯುದ್ದಕ್ಕೂ ಹೆಪ್ಪುಗಟ್ಟಿದ ಗುಂಡಿಗಳನ್ನು ಹುಡುಕಿ ಹುಡುಕಿ ತುಳಿದಳು.

ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಕುಹೇ ಒಂದು ದಿನ ಮೊದಲೇ ಚಿತ್ರ ತೂಗುಹಾಕಿದ್ದ. ಪಕ್ಕದ ಅಂಗಡಿಯವನೂ ಅದೇ ಯುದ್ಧವನ್ನು ತರುತ್ತಿದ್ದಾನೆಂದು ಸುದ್ದಿ ಸಿಕ್ಕಿತ್ತಂತೆ. ಇಸೊಕಿಚಿ ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿದ.

“ಯಜಮಾನ್ರೇ, ಆ ಮುಂದಿನ ಮುಖ ಸರಿ ಬಂದಿಲ್ಲ. ಒಂದು ಗಳಿಗೆ ಹಲಗೆ ಕೊಡಿ, ಬೆಣೆ ಹಾಕಿ ಕೊಡ್ತೀನಿ.”

ಕುಹೇ ನಕ್ಕು ಅವನ ಬೆನ್ನು ತಟ್ಟಿದ. “ಯಾವ ಮುಖ, ಆ ಬಿದ್ದಿರೋನದಾ? ತಲೆ ಕೆಟ್ಟಿದೆಯೇನಯ್ಯಾ! ಅದನ್ನ ನೋಡಿಯೇ ಜನ ತಗೋತಿರೋದು. ಮಿಕ್ಕವು ಬರೀ ಸೋರೆಕಾಯಿ. ಸೋರೆಕಾಯಿಗೆ ಈಟಿ ಚುಚ್ಚಿದ್ರೆ ಏನು ಬಂತು? ಇವನು ಮನುಷ್ಯನ ಥರ ಇದಾನೆ, ಅದಕ್ಕೇ ಚುಚ್ಚಿದ್ದು ಚುಚ್ಚಿದ ಹಾಗೆ ಕಾಣ್ಸುತ್ತೆ. ಮುಂದಿನ ಚಿತ್ರಕ್ಕೂ ಇವನನ್ನೇ ಹಾಕು.”

ಇಸೊಕಿಚಿ ಉಳಿಗಳ ಚೀಲದ ಮೇಲೆ ಕೈಯಿಟ್ಟು ನಿಂತ. ಜೀವನವೆಲ್ಲ ಕಾದಿದ್ದ ಹೊಗಳಿಕೆ ಈ ಬಾಯಿಂದ, ಈ ಕೆಲಸಕ್ಕೆ ಬರಬೇಕೆ? ಇನ್ನೊಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಕುಹೇ ಗಿರಾಕಿಗಳ ಕಡೆ ತಿರುಗಿಯಾಗಿತ್ತು. ಇಸೊಕಿಚಿ ಮಗುವನ್ನು ಎಳೆದುಕೊಂಡು ಹೊರಗೆ ಬಂದ. ಜನ ಒತ್ತುತ್ತಿದ್ದರು, ಮಗು ಕಾಲ್ತುಳಿತಕ್ಕೆ ಸಿಕ್ಕುತ್ತದೆಂದು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹಾಗೆ ಎತ್ತಿದವನು ಅವನೇ. ಇದನ್ನು ಅವನು ಆಮೇಲೆ ಎಷ್ಟೋ ಸಲ ನೆನೆದು ತಲೆ ಚಚ್ಚಿಕೊಂಡ.

“ಅಪ್ಪ!” ಎಂದಳು ಚಿಸೆ. ನಾಲ್ಕು ತಿಂಗಳಿಂದ ಮನೆಯಲ್ಲಿ ಯಾರೂ ಕೇಳದಿದ್ದ ಸಂತೋಷ ಅವಳ ದನಿಯಲ್ಲಿತ್ತು. “ತಾತಾ, ತಾತಾ, ನಮ್ಮಪ್ಪ! ಅಲ್ನೋಡು ನಮ್ಮಪ್ಪ!”

ಜನ ತಿರುಗಿದರು. ಮುಂದೆ ನಿಂತಿದ್ದ ರಿಕ್ಷಾ ಎಳೆಯುವವನೊಬ್ಬ ಕತ್ತೆತ್ತಿ, “ಯಾವುದಮ್ಮ ನಿಮ್ಮಪ್ಪ? ತೋರ್ಸು ನೋಡಣ,” ಎಂದ. ಕೆಟ್ಟವನೇನಲ್ಲ, ಅವನ ಮುಖದಲ್ಲಿ ಅಕ್ಕರೆಯೇ ಇತ್ತು.

ಚಿಸೆಯ ಬೆರಳು ಹಿಮದ ಮೇಲೆ ಬಿದ್ದವನ ಕಡೆಗೆ ಚಾಚಿತು. ಇಸೊಕಿಚಿಯ ಕೈ ಅದಕ್ಕಿಂತ ಬೇಗ ಹೋಯಿತು. ಆ ಪುಟ್ಟ ಮಣಿಕಟ್ಟನ್ನು ಹಿಡಿದು ಒಂದು ಗೇಣು ಮೇಲಕ್ಕೆತ್ತಿದ. ಅಲ್ಲಿ ಮೀಸೆಯ ಸೈನಿಕ ಈಟಿ ಹಿಡಿದು ನಿಂತಿದ್ದ.

“ಇವನು,” ಎಂದ ಇಸೊಕಿಚಿ. ಅವನ ದನಿ ಅವನಿಗೇ ಬೇರೆಯವರದಾಗಿ ಕೇಳಿಸಿತು. “ಇವಳಪ್ಪ ದಂಡಿನಲ್ಲಿದಾನೆ. ಯಾವ ಸೈನಿಕನ್ನ ನೋಡಿದ್ರೂ ಅಪ್ಪ ಅಂತಾಳೆ.”

“ಬಾನ್‌ಜಾಯ್!” ಎಂದು ಯಾರೋ ಜಯಕಾರ ಕೂಗಿದರು. ಗುಂಪಿಗೆ ಗುಂಪೇ ಎರಡೂ ಕೈ ಎತ್ತಿ ಕೂಗಿತು. ಒಬ್ಬಳು ಮುದುಕಿ ಚಿಸೆಯ ಮುಂದೆ ಕೈ ಜೋಡಿಸಿ ತಲೆ ಬಾಗಿಸಿದಳು.

“ಅವನಲ್ಲ ತಾತಾ! ಕೆಳಗಿರೋರು! ಮಲಗಿದಾರಲ್ಲ, ಅವ್ರು!” ಎಂದು ಮಗು ಹೆಗಲ ಮೇಲೆ ಕುಣಿಯಿತು. “ಅವ್ರಿಗೆ ಯಾಕೆ ಚುಚ್ತಿದಾನೆ? ತೆಗಿ ಅನ್ನು ತಾತಾ!”

ಜನ ಗೊಳ್ಳೆಂದು ನಕ್ಕರು. ಮಗುವಿಗೆ ಗಾಬರಿಯಾಗಿದೆ, ಪಾಪ, ಎಂದರು. ಕುಹೇ ಒಳಗಿನಿಂದ ಓಡಿಬಂದು ವೀರನ ಮಗಳಿಗೆಂದು ಅಂಗೈ ತುಂಬ ಸಕ್ಕರೆ ಮಿಠಾಯಿ ಕೊಟ್ಟ. ಚಿಸೆ ಅಳುತ್ತಲೇ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಳು ನಿಂತಿತು. ಐದು ವರ್ಷದ ಮಗುವಿಗೆ ಮಿಠಾಯಿ ಮಿಠಾಯಿಯೇ.

ಸುದ್ದಿ ಅವರಿಗಿಂತ ಮೊದಲೇ ಓಣಿ ಮುಟ್ಟಿತ್ತು. ತೋಫು ಮಾಡುವವನ ಹೆಂಡತಿ ಓಕಾನೆ ಬಿಸಿ ತೋಫು ಹಿಡಿದು ಬಂದಳು.

“ಏನೇ ಕಳ್ಳಿ, ಗಂಡ ದಂಡಿನಲ್ಲಿದಾನೆ ಅಂತ ಒಂದು ಮಾತು ಹೇಳ್ಬಾರ್ದಾ? ಹಡಗು ಅಂತ ಹೇಳಿ ನಮ್ಗೇ ಟೋಪಿ ಹಾಕಿದ್ಯಲ್ಲ! ಯಾವ ಪಲ್ಟನ್ನು? ದೇವಸ್ಥಾನದ ಹಲಗೆ ಮೇಲೆ ದಂಡಿಗೆ ಹೋದವರ ಸಾಲಲ್ಲಿ ಹೆಸರು ಬರೆಸಬೇಕು, ಹೇಳು.”

ಓತಾಮಿ ಚಾಪೆಗೆ ಹಣೆ ಹಚ್ಚಿ ನಮಸ್ಕರಿಸಿದಳು. ಎಷ್ಟು ವಿನಯ ನೋಡಿ ಎಂದು ಓಣಿಯ ಹೆಂಗಸರು ಮೆಚ್ಚಿಕೊಂಡು ಹೋದರು.

ಬಾಗಿಲು ಹಾಕಿದ ಮೇಲೆ ಅವಳು ಅಪ್ಪನ ಕಡೆ ತಿರುಗಿದಳು. “ಮಗು ಬೆರಳು ಎತ್ತಿ ಆ ಸೈನಿಕನ ಮೇಲೆ ಇಟ್ಯಂತೆ.”

“ಇನ್ನೇನು ಮಾಡ್ಬೇಕಿತ್ತು ಹೇಳು? ಅಷ್ಟು ಜನ. ಯೊಕೊಹಾಮಾದಲ್ಲಿ ಕಲ್ಲು ಬಿದ್ದಿದ್ದು ಮರ್ತೋಯ್ತಾ?”

“ನೀನು ಮಾಡಿದ್ದು ಸರೀನೇ ಅಪ್ಪ. ಅದೇ ನನ್ ಸಂಕಟ.”

ಅಷ್ಟಕ್ಕೇ ಮುಗಿಯಲಿಲ್ಲ. ಚಿಸೆ ಹಟ ಬಿಡಲಿಲ್ಲ. ಬಾವಿಕಟ್ಟೆಯಲ್ಲಿ, ಓಕಾನೆಯ ಜಗಲಿಯಲ್ಲಿ, ಕೇಳಿದವರಿಗೂ ಕೇಳದವರಿಗೂ, “ನಮ್ಮಪ್ಪ ಕೆಳಗಿರೋರು” ಎನ್ನುತ್ತಿದ್ದಳು. ಒಂದು ದಿನ ಓಕಾನೆ ನಗುವುದನ್ನು ನಿಲ್ಲಿಸಿ ಮಗುವಿನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಅದನ್ನು ಕಂಡ ಇಸೊಕಿಚಿ ಅವತ್ತೇ ಪೇಟೆಗೆ ಹೋದ. ಮಿಠಾಯಿಯ ಪೊಟ್ಟಣವೊಂದನ್ನು ಕೊಂಡು ತಂದ. ಆ ಚಿತ್ರದ ಒಂದು ಪ್ರತಿಯನ್ನೂ ತಂದ.

ದಿನಾ ಬೆಳಿಗ್ಗೆ ಓತಾಮಿ ನೀರಿಗೆ ಹೋದಾಗ ಪಾಠ ನಡೆಯುತ್ತಿತ್ತು.

“ಇದು ಯಾರು?”

“ಅಪ್ಪ.”

“ಅಲ್ಲ. ಇದು ಚಂಚನ್. ಅಪ್ಪ ಯಾರು? ಮೀಸೆ ಇರೋರು. ಹೇಳು.”

“ಅಪ್ಪಂಗೆ ಮೀಸೆ ಇಲ್ಲ.”

“ಈಗ ಬಿಟ್ಟಿದಾರೆ. ಹೇಳು, ಹೇಳಿದ್ರೆ ಮಿಠಾಯಿ.”

ಮೊದಮೊದಲು ಚಿಸೆ ಬಾಯಿ ಬಿಗಿದುಕೊಂಡು ಕೂರುತ್ತಿದ್ದಳು. ಒಂದು ವಾರದ ಮೇಲೆ ಹೇಳಿದಳು, ಹೇಳಿ ಕಣ್ಣು ತಗ್ಗಿಸಿದಳು. ಎರಡು ವಾರಕ್ಕೆ ಕಣ್ಣು ತಗ್ಗಿಸುವುದೂ ನಿಂತಿತು. ಹೊಸ ವರ್ಷ ಕಳೆಯುವ ಹೊತ್ತಿಗೆ ಓಣಿಯ ಮಕ್ಕಳ ಯುದ್ಧದಲ್ಲಿ ಅವಳೂ ಕೋಲು ಹಿಡಿದು ಓಡುತ್ತಿದ್ದಳು. ಓತಾಮಿ ಮನೆಯಲ್ಲಿ ಗಂಡನ ಹೆಸರೆತ್ತುವುದನ್ನು ಬಿಟ್ಟಳು. ಅಪ್ಪನಿಗೆ ಊಟ ಬಡಿಸುತ್ತಿದ್ದಳು, ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮಾತು ಅಗತ್ಯಕ್ಕೆ ತಕ್ಕಷ್ಟೇ.

ಹೊಸ ವರ್ಷದ ಎರಡನೆಯ ತಿಂಗಳಲ್ಲಿ ಕುಹೇ ಆ ಹಲಗೆಯನ್ನು ವಾಪಸು ಕಳಿಸಿದ. ಸಾವಿರಾರು ಪ್ರತಿ ತೆಗೆದು ತೆಗೆದು ಹನ್ನೆರಡನೆಯ ಮುಖದ ಗೆರೆಗಳು ಅಲ್ಲಲ್ಲಿ ಮುಕ್ಕಾಗಿದ್ದವು. ಮಿಕ್ಕವೆಲ್ಲ ದಪ್ಪ ಗೆರೆ, ಇದೊಂದೇ ನಯವಾದದ್ದು. ಬೆಣೆ ಹಾಕಿ ಹೊಸದಾಗಿ ಕೆತ್ತಿಕೊಡು, ಏನಾದರೂ ಕೆತ್ತು, ಜನಕ್ಕೆ ಆ ಯುದ್ಧ ಹಳಸಿಹೋಗಿದೆ ಎಂದು ಹೇಳಿ ಕಳಿಸಿದ್ದ.

ಇಸೊಕಿಚಿ ಲಿಯಾಂಗನ ಮಣೆಯ ಮೇಲೆ ಕೂತು ಮುಖದ ಸುತ್ತ ಚೌಕ ಕೊರೆದ. ಮರ ಗಟ್ಟಿಯಾಗಿತ್ತು. ಹಲಗೆಯಿಂದ ಬಿಡಿಸಿಕೊಂಡು ಬಂದ ತುಂಡು ಅವನ ಎರಡು ಬೆರಳಿನಷ್ಟಿತ್ತು. ಹಳೆಯ ಮಸಿಯನ್ನು ಬಿಸಿನೀರಿನಲ್ಲಿ ತೊಳೆದ. ಮುಕ್ಕಾದ ಕಡೆ ಸಣ್ಣ ಉಳಿಯಿಂದ ಸರಿಪಡಿಸಿದ. ಹುಬ್ಬಿನ ಗಾಯ, ಮೋಟು ಹಲ್ಲು ಎಲ್ಲ ಇದ್ದವು. ಹೊಸ ಮಸಿ ಹಚ್ಚಿ, ಒಳ್ಳೆಯ ಕಾಗದದ ಚೂರೊಂದನ್ನು ಅದರ ಮೇಲಿಟ್ಟು ಮೆಲ್ಲಗೆ ಉಜ್ಜಿ ತೆಗೆದ.

ಹಿಮವಿರಲಿಲ್ಲ, ಕೆಂಪಿರಲಿಲ್ಲ, ಈಟಿಯಿರಲಿಲ್ಲ. ಬಿಳಿಯ ಕಾಗದದ ನಡುವೆ ಲಿಯಾಂಗನ ಮುಖವಷ್ಟೇ, ಈಗ ತಾನೇ ಏನೋ ಕೇಳಲು ಬಾಯಿ ತೆರೆದವನಂತೆ. ಇದನ್ನು ಮಗುವಿಗೆ ಕೊಡಬೇಕು, ಅವಳು ದೊಡ್ಡವಳಾದ ಮೇಲೆ ಅವಳ ಹತ್ತಿರ ಇರಬೇಕು ಎಂದುಕೊಂಡ. ಮಾಡಿದ್ದರಲ್ಲಿ ಇಷ್ಟನ್ನಾದರೂ ತೊಳೆದುಕೊಳ್ಳಬಹುದು ಎನಿಸಿತು.

“ಚಿಸೆ, ಇಲ್ಲಿ ಬಾ ಕಂದ.”

ಅವಳು ಅಂಗಳದಿಂದ ಕೋಲು ಹಿಡಿದೇ ಓಡಿಬಂದಳು. ಮೂಗು ಚಳಿಗೆ ಕೆಂಪಾಗಿತ್ತು. ಓತಾಮಿ ಒಳಗಿನಿಂದ ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಅವಳ ಕಣ್ಣು ಕಾಗದದ ಮೇಲೆ ಬಿತ್ತು, ಅಲ್ಲೇ ನಿಂತಿತು.

ಇಸೊಕಿಚಿ ಕಾಗದವನ್ನು ಎರಡೂ ಕೈಯಲ್ಲಿ ಮಗುವಿನ ಮುಂದೆ ಹಿಡಿದ. “ನೋಡು, ಯಾರು ಹೇಳು?”

ಚಿಸೆ ನೋಡಿದಳು. ಬಹಳ ಹೊತ್ತೇನೂ ಬೇಕಾಗಲಿಲ್ಲ.

“ಚಂಚನ್,” ಎಂದಳು.

“ಅಲ್ಲ ಮಗು. ಇವತ್ತು ನಿಜ ಹೇಳ್ಬಹುದು. ಸರಿಯಾಗಿ ನೋಡು. ಹುಬ್ಬು ನೋಡು.”

ಅವಳು ಮತ್ತೊಮ್ಮೆ ನೋಡಿ, ತಾತ ಇವತ್ತು ಪಾಠವನ್ನು ಯಾಕೆ ಇಷ್ಟು ಎಳೆಯುತ್ತಿದ್ದಾನೆ ಎಂಬಂತೆ ಮುಖ ಮಾಡಿದಳು. “ಚಂಚನ್ನೇ. ನಮ್ಮಪ್ಪಂಗೆ ಮೀಸೆ ಇದೆ,” ಎಂದಳು.

ಆಮೇಲೆ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಿಠಾಯಿಗೆಂದು ಅಂಗೈ ಚಾಚಿದಳು.